ಮಧ್ಯಾಹ್ನ ಮಾತ್ರ ಸೋರುವ ಟ್ಯಾಂಕು

ಅರಸೀಕೆರೆಯ ಹುಳಿಯಾರು ರಸ್ತೆಯಲ್ಲಿ ‘ಭಾಗ್ಯ ರೇಡಿಯೇಟರ್ ವರ್ಕ್ಸ್’ ಎಂಬ ಬೋರ್ಡು ಮೇಲೇರಿ ಎರಡು ತಿಂಗಳೂ ಆಗಿರಲಿಲ್ಲ. ಅದಕ್ಕೂ ಮೊದಲು ಅಲ್ಲಿದ್ದದ್ದು ಭಾಗ್ಯಳ ಮಾವ ಗಿಡ್ಡಯ್ಯನ ಹೆಸರು. ನಲವತ್ತು ವರ್ಷ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರು ಬೆಸೆದ ಗಿಡ್ಡಯ್ಯನ ಕಣ್ಣು ಮಂಜಾದಾಗ, ಪಕ್ಕದಲ್ಲಿ ಕೂತು ನೋಡಿ ಕಲಿತ ಸೊಸೆಯೇ ಬೆಸುಗೆ ಕಡ್ಡಿ ಹಿಡಿದಳು. ಮೊದಮೊದಲು ಡ್ರೈವರುಗಳು ಬಂದು, “ಮೇಸ್ತ್ರಿ ಎಲ್ಲವ್ನೆ?” ಎಂದು ಕೇಳುತ್ತಿದ್ದರು. “ನಾನೇ ಕಣಣ್ಣ, ಇಳಿಸು” ಎನ್ನುತ್ತಿದ್ದಳು ಭಾಗ್ಯ. ಬೋರ್ಡು ಬರೆಸಿದವನು ಗಿಡ್ಡಯ್ಯನೇ. ಕೆಲಸ ಯಾರದೋ ಹೆಸರೂ ಅವರದೇ ಇರಬೇಕು ಎಂದಿದ್ದ.

ಆ ಬೋರ್ಡು ನೋಡಿಕೊಂಡೇ ಇಂದುಧರ ಮೇಷ್ಟ್ರು ಬಂದದ್ದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರು ಹಾರನಹಳ್ಳಿ ರಸ್ತೆಯ ತಮ್ಮ ಹಳೇ ಕೊಬ್ಬರಿ ಗೋದಾಮಿನಲ್ಲಿ ಏಳು ವರ್ಷದಿಂದ ಒಂದು ವಿಮಾನ ಕಟ್ಟುತ್ತಿದ್ದರು. ಇಬ್ಬರು ಕೂರುವಷ್ಟು ಸಣ್ಣದು. ಮೂವತ್ತು ಲೀಟರ್ ಹಿಡಿಯುವ ಅಲ್ಯೂಮಿನಿಯಂ ಟ್ಯಾಂಕು ಬೇಕಿತ್ತು. ಭಾಗ್ಯ ಒಂಬತ್ತು ದಿನ ಕೂತು ಬೆಸೆದಳು.

ಆ ಟ್ಯಾಂಕು ಸೋರಿತು.

ಬೆಳಿಗ್ಗೆ ಪೆಟ್ರೋಲು ತುಂಬಿದರೆ ಹನ್ನೆರಡರವರೆಗೆ ತಳ ಒಣಗಿಯೇ ಇರುತ್ತಿತ್ತು. ಎರಡು ಗಂಟೆಗೆ ಗೋದಾಮಿನ ತುಂಬ ವಾಸನೆ. ಟ್ಯಾಂಕಿನ ತಳದ ಬೆಸುಗೆಯಿಂದ ತೊಟ್ ತೊಟ್ ಎಂದು ಹನಿ. ಭಾಗ್ಯ ಟ್ಯಾಂಕನ್ನು ಬಿಚ್ಚಿಸಿ, ತೊಳೆದು, ಬಾಯಿಗಳಿಗೆಲ್ಲ ರಬ್ಬರ್ ಬಿರಡೆ ಜಡಿದು, ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಾಕಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಹೀಗೆ ಮೂರು ಸಲ. ಮೂರು ಸಲವೂ ವಾಪಸು ಕೂರಿಸಿದ ಮಧ್ಯಾಹ್ನವೇ ಸೋರಿತು.

ವಿಮಾನಕ್ಕೆ ಇಂಜಿನ್ ಕೂರಿಸಿದವನು ಬೇಲೂರಿನ ದೇವರಾಜ್. ಬಾಯಿ ಜೋರು, ಕೆಲಸವೂ ಜೋರು. ಅವನು ಭಾಗ್ಯಳ ಎದುರೇ ಅಂದ: “ಮೇಷ್ಟ್ರೇ, ನೀರು ಕುಡಿಯೋ ಡಬ್ಬ ಬೆಸೆಯೋರ ಕೈಲಿ ಪೆಟ್ರೋಲ್ ಟ್ಯಾಂಕು ಮಾಡ್ಸಿದ್ರೆ ಇನ್ನೇನಾಯ್ತದೆ? ಬೆಂಗಳೂರಿಂದ ರೆಡಿಮೇಡ್ ತರ್ಸಿ. ಗುರುವಾರ ಸಾಹೇಬ್ರು ಬತ್ತಾರೆ.”

ಸಾಹೇಬರೆಂದರೆ ವಿಮಾನ ಪರೀಕ್ಷಿಸಿ ಹಾರಲು ಒಪ್ಪಿಗೆ ಕೊಡುವ ಅಧಿಕಾರಿ. ಅಂದು ಸೋಮವಾರ.

“ಏನ್ ಹೇಳ್ತೀಯಮ್ಮ?” ಮೇಷ್ಟ್ರು ಮೆತ್ತಗೆ ಕೇಳಿದರು.

ಭಾಗ್ಯಳಿಗೆ ಬೋರ್ಡು ಕಣ್ಣಮುಂದೆ ಬಂತು. ಟ್ಯಾಂಕು ಬದಲಾದರೆ ಆ ಮಾತು ಸಂಜೆಯೊಳಗೆ ಲಾರಿ ಸ್ಟ್ಯಾಂಡು ಮುಟ್ಟುತ್ತದೆ. ಹೊಸ ಹೆಸರಿಗೆ ಅಂಟಿದ ಮಸಿ ಮತ್ತೆ ಹೋಗುವುದಿಲ್ಲ. “ನಾಳೆ ಒಂದಿನ ಕೊಡಿ ಸಾ. ಬಿಚ್ಚೋದು ಬ್ಯಾಡ. ಇದ್ದ ಜಾಗದಲ್ಲೇ ನೋಡ್ತೀನಿ.”

ಅಂದು ಮನೆಯಲ್ಲಿ ಗಿಡ್ಡಯ್ಯ ಎಲ್ಲವನ್ನೂ ಕೇಳಿಸಿಕೊಂಡು, “ಹನಿ ಬೀಳೋ ಜಾಗ ಬೇರೆ, ಹುಟ್ಟೋ ಜಾಗ ಬೇರೆ ಕಣವ್ವ” ಎಂದ. “ಮನೆ ಸೋರಿದ್ರೆ ಹನಿ ಬಿದ್ದಲ್ಲೇ ಹೆಂಚು ಒಡೆದಿರ್ತೈತಾ?”

ಮಂಗಳವಾರ ಬೆಳಿಗ್ಗೆ ಭಾಗ್ಯ ಮೇಷ್ಟ್ರನ್ನು ಒಂದು ಡಬ್ಬಿ ಸೀಮೆಸುಣ್ಣ ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದವರ ಮನೆಯಲ್ಲಿ ಅದಕ್ಕೇನು ಬರ! ಟ್ಯಾಂಕಿನ ಪ್ರತಿ ಬೆಸುಗೆ, ಪ್ರತಿ ಮೂಲೆ, ಪ್ರತಿ ತಿರುಪಿನ ಸುತ್ತ ಬೆಳ್ಳಗೆ ಬಳಿದಳು. ಎಲ್ಲಿ ಮೊದಲು ತೇವವಾಗುತ್ತದೋ ಅಲ್ಲಿ ಸುಣ್ಣ ಕಪ್ಪಾಗಬೇಕು. ಆಮೇಲೆ ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿಸಿ, ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದಳು.

ಹತ್ತಾಯಿತು, ಹನ್ನೆರಡಾಯಿತು. ಮೇಷ್ಟ್ರ ಹೆಂಡತಿ ಸುಮಿತ್ರಮ್ಮ ಮಜ್ಜಿಗೆ ತಂದು, “ಎದ್ದು ಕುಡಿಯೇ, ಅದೇನು ಓಡಿಹೋಗುತ್ತಾ?” ಎಂದರು.

“ಓಡೋಗಲ್ಲ ಅಮ್ಮಾರೆ, ನಾನು ಕಣ್ಣು ಆಚೆ ತಿರುಗಿಸ್ದಾಗಲೇ ಕಳ್ಳ ಬರೋದು.”

“ಕಳ್ಳ ಬಂದ್ರೆ ಗುರುತು ಸಿಗುತ್ತೇನಕ್ಕ?” ದೇವರಾಜ್ ನಕ್ಕ. “ಸುಣ್ಣ ಬಳಿದು ಮನೆ ಹಬ್ಬ ಮಾಡ್ದಂಗೈತೆ.”

ಒಂದೂವರೆಗೆ ತಗಡಿನ ಮಾಡು ಕಾದು ಟಣ್ ಟಣ್ ಎನ್ನತೊಡಗಿತು. ತಳದ ಬೆಸುಗೆ ಬೆಳ್ಳಗೇ ಇತ್ತು. ಭಾಗ್ಯ ಮೇಲಕ್ಕೆ ಕಣ್ಣಾಡಿಸಿದಳು. ಟ್ಯಾಂಕಿನ ಪಕ್ಕದಲ್ಲಿ, ಪೆಟ್ರೋಲೆಷ್ಟಿದೆ ಎಂದು ತೋರಿಸುವ ಮೀಟರಿನ ಅಂಚಿನಲ್ಲಿ ಸುಣ್ಣ ಕಪ್ಪಾಯಿತು. ಅಲ್ಲಿಂದ ದಾರದಂಥ ಒಂದು ಗೆರೆ ಮೂಲೆ ಹಿಡಿದು ಇಳಿದು, ಅವಳ ಬೆಸುಗೆಗೆ ಬಂದು, ಹನಿಯಾಗಿ ತೂಗಿತು.

“ಸಾ! ಬನ್ನಿ! ದೇವರಾಜಣ್ಣ, ನೀನೂ ಬಗ್ಗು. ನಿನ್ನ ಕಣ್ಣಲ್ಲೇ ನೋಡು.”

ದೇವರಾಜ್ ಬಗ್ಗಿದ. ನೋಡಿದ. ನಗು ಇಳಿಯಿತು. ಮೀಟರಿಗೆ ವಾಷರ್ ಹಾಕಿ ಬಿಗಿದವನು ಅವನೇ. ಅಂಗಡಿಯ ತೊಟ್ಟಿಗೆ ಇಳಿಸುವಾಗ ಮೀಟರು ಬಿಚ್ಚಿ ಅಲ್ಲಿಗೆ ಬಿರಡೆ ಹಾಕುತ್ತಿದ್ದುದರಿಂದ ಈ ಸೋರಿಕೆ ನೀರಿನಲ್ಲಿ ಸಿಕ್ಕಿಬಿದ್ದಿರಲಿಲ್ಲ.

ಭಾಗ್ಯ ಅಲ್ಲಿಗೇ ಬಿಟ್ಟಿದ್ದರೆ ಗೆಲುವು ಪೂರ್ತಿ ಅವಳದೇ. ಆದರೆ ಒಂದು ಪ್ರಶ್ನೆ ಉಳಿದಿತ್ತು: ವಾಷರ್ ಸಡಿಲವಾಗಿದ್ದರೆ ಬೆಳಿಗ್ಗೆಯೂ ಸೋರಬೇಕಿತ್ತಲ್ಲ? ಅವಳು ಎದ್ದು ಟ್ಯಾಂಕಿನ ಮುಚ್ಚಳ ತಿರುವಿದಳು. ‘ಬುಸ್’ ಎಂದು ಗಾಳಿ ಹೊರಬಂತು. ಕೆಳಗೆ ಹನಿ ನಿಂತಿತು.

ಮುಚ್ಚಳದ ನೆತ್ತಿಯಲ್ಲಿ ಬೆಂಕಿಕಡ್ಡಿ ಗಾತ್ರದ ಒಂದು ಕೊಳವೆ. ಟ್ಯಾಂಕು ಉಸಿರಾಡುವುದು ಅದರಿಂದಲೇ. ಅದರ ಬಾಯಲ್ಲಿ ಒಣಗಿ ಕಲ್ಲಾದ ಗಂಧ, ಮೇಲೆ ಕುಂಕುಮ.

ಅಂಗಡಿಯಿಂದ ಯಾವ ಕೆಲಸ ಹೊರಟರೂ ಅದರ ಬಾಯಿಗೆ ತೇದ ಗಂಧ, ಕುಂಕುಮ ಇಟ್ಟು, ಮಾಲೇಕಲ್ಲಿನ ವೆಂಕಟರಮಣನಿಗೆ ಕೈಮುಗಿದು ಕಳಿಸುವುದು ಗಿಡ್ಡಯ್ಯನ ಕಾಲದ ಪದ್ಧತಿ. ರೇಡಿಯೇಟರಿನ ದಪ್ಪ ಮುಚ್ಚಳಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಈ ಟ್ಯಾಂಕಿಗೆ ಅವಳು ಮೊದಲ ದಿನ ಇಟ್ಟಿದ್ದಳು. ಸೋರಿ ವಾಪಸು ಬಂದಾಗಲೆಲ್ಲ ಇನ್ನಷ್ಟು ಭಕ್ತಿಯಿಂದ, ಇನ್ನಷ್ಟು ದಪ್ಪಗೆ ಇಟ್ಟಿದ್ದಳು. ಬಿಸಿಲಿಗೆ ಉಬ್ಬಿದ ಪೆಟ್ರೋಲು ಉಸಿರುದಾರಿ ಇಲ್ಲದೆ, ಬಲವಿಲ್ಲದ ವಾಷರಿನ ಸಂದಿಯಿಂದ ಹೊರಬಿದ್ದಿತ್ತು.

ಯಾರೂ ನೋಡಿರಲಿಲ್ಲ. ಸೆರಗಿನ ತುದಿಯಲ್ಲಿ ಒರೆಸಿದ್ದರೆ ಮುಗಿಯುತ್ತಿತ್ತು. ಅವಳು ಮುಚ್ಚಳವನ್ನು ಮೇಷ್ಟ್ರ ಅಂಗೈಗೆ ಇಟ್ಟಳು.

“ವಾಷರ್ ದೇವರಾಜಣ್ಣಂದು ಸಾ. ಗಂಧ ನಂದು.”

ಮೇಷ್ಟ್ರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ಇದು ಹೀಗೇ ಮುಚ್ಚಿಕೊಂಡು ಮೇಲೆ ಹೋಗಿದ್ದರೆ ಇಂಜಿನ್‌ಗೆ ಪೆಟ್ರೋಲ್ ಇಳೀತಿರಲಿಲ್ಲಮ್ಮ. ಆಕಾಶದಲ್ಲೇ ನಿಂತುಹೋಗ್ತಿತ್ತು” ಎಂದರು.

ಸುಮಿತ್ರಮ್ಮ ಮಜ್ಜಿಗೆಯ ಚೊಂಬು ಕೆಳಗಿಟ್ಟರು. “ಹಾಗಾದ್ರೆ ಸೋರಿದ್ದೇ ಒಳ್ಳೇದಾಯ್ತು. ನೀನು ಯಾರಿಗೆ ಕೈಮುಗಿದ್ಯೋ ಅವನೇ ಸೋರಿಸಿ ತೋರಿಸಿದಾನೆ ಕಣೇ.”

“ದೇವ್ರು ತೋರ್ಸಿದ್ದು ನನ್ ವಾಷರ್‌ನೇ ಆಗ್ಬೇಕಿತ್ತಾ?” ಎಂದ ದೇವರಾಜ್. ಗೋದಾಮೇ ನಕ್ಕಿತು. ಅವನು ಅಂದೇ ಹೊಸ ವಾಷರ್ ಹಾಕಿದ. ಭಾಗ್ಯ ಸೂಜಿಯಿಂದ ಕೊಳವೆ ಬಿಡಿಸಿ, ಊದಿ, ಕಿವಿಗಿಟ್ಟು ಕೇಳಿದಳು. ಬುಧವಾರದ ಬಿಸಿಲಿಗೆ ಟ್ಯಾಂಕು ಸಂಜೆಯವರೆಗೆ ಕಾಯಿತು. ಸುಣ್ಣ ಬೆಳ್ಳಗೇ ಉಳಿಯಿತು. ಗುರುವಾರ ಬಂದ ಅಧಿಕಾರಿ ತಳಕ್ಕೆ ಟಾರ್ಚು ಬಿಟ್ಟು, ಬೆಸುಗೆಯ ಗೆರೆ ಉದ್ದಕ್ಕೂ ನೋಡಿ, “ಇದು ಯಾವ ಫ್ಯಾಕ್ಟರಿಯದು?” ಎಂದು ಕೇಳಿದರು.

ಬಾಯಿಬಿಟ್ಟವನು ದೇವರಾಜ್. “ಭಾಗ್ಯ ರೇಡಿಯೇಟರ್ ವರ್ಕ್ಸ್, ಸಾರ್. ನಮ್ಮ ಅರಸೀಕೆರೆದೇ.”

ಆರು ವಾರದ ಮೇಲೆ, ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸಿದ್ದ ವಿಮಾನವನ್ನು ದೂರದ ಒಂದು ಮೈದಾನದಲ್ಲಿ ಮತ್ತೆ ಜೋಡಿಸಿದರು. ಅನುಭವಸ್ಥ ಪೈಲಟ್ ಒಬ್ಬರು ಅದನ್ನು ಎತ್ತಿದರು. ಹುಲ್ಲಿನ ಮೇಲೆ ಕುಪ್ಪಳಿಸಿ, ಅದು ಬಿಸಿಲಿಗೆ ಹತ್ತಿತು. ಮೇಷ್ಟ್ರು ಅತ್ತರು. ದೇವರಾಜ್ ಸೀಟಿ ಹೊಡೆದ. ಮೂರು ಸುತ್ತು ಹಾಕಿ ಅದು ಇಳಿದಾಗ ಎಲ್ಲರೂ ಪೈಲಟ್ ಕಡೆ ಓಡಿದರೆ, ಭಾಗ್ಯ ಮಾತ್ರ ಬಗ್ಗಿ ಟ್ಯಾಂಕಿನ ತಳದಲ್ಲಿ ಬೆರಳೆಳೆದಳು. ಮೂಗಿಗೆ ಹಿಡಿದು ನೋಡಿದಳು.

ಅಷ್ಟರಲ್ಲಿ ಸೊಂಟದ ಫೋನು ಕೂಗಿತು. ಗಿಡ್ಡಯ್ಯ.

“ಹಾರ್ತೇನವ್ವಾ?” ಎಂದು ಅವನು ಕೇಳಲಿಲ್ಲ. “ಸೋರ್ತೇನವ್ವಾ?” ಎಂದ.

“ಇಲ್ಲ ಮಾವ,” ಅಂದಳು ಭಾಗ್ಯ. “ಬೆರಳು ಒಣಗೇ ಐತೆ.”