ಯಾರ ಪೈಕಿಯೂ ಅಲ್ಲದವರು

ನಮ್ಮ ಧಾರವಾಡದಲ್ಲಿ ಹೊಸಬರು ಸಿಕ್ಕರೆ ಮೊದಲು ಹೆಸರು ಕೇಳುತ್ತೇವೆ. ಚಹಾ ಬರುವುದರೊಳಗೆ ‘ನೀವು ಯಾರ ಪೈಕಿ ರೀ?’ ಎಂದೂ ಕೇಳಿರುತ್ತೇವೆ. ನಾನಂತೂ ಫ್ಯಾನು ರಿಪೇರಿಗೆ ಬಂದವನನ್ನೂ ಬಿಟ್ಟವನಲ್ಲ. ಅವನ ಸೋದರಮಾವ ನಮ್ಮ ಅಪ್ಪನ ಶಿಷ್ಯನೆಂದು ಗೊತ್ತಾದ ಮೇಲೆಯೇ ಏರಲು ಸ್ಟೂಲು ಕೊಟ್ಟದ್ದು. ಫ್ಯಾನು ಆಮೇಲೂ ತಿರುಗಲಿಲ್ಲ. ಆದರೆ ಬೇಸರವಾಗಲಿಲ್ಲ, ನಮ್ಮವನಲ್ಲವೇ!

ಇಂಥ ನಾನು ಒಬ್ಬ ಮನಶ್ಶಾಸ್ತ್ರಜ್ಞರನ್ನು ಹುಡುಕಬೇಕಾಗಿ ಬಂತು.

ಹೋದ ವರ್ಷ ನನ್ನ ತಮ್ಮ ತೀರಿಕೊಂಡ. ಮನೆಗೆ ಹಿರಿಯನೆಂದು, ಬಂದವರಿಗೆಲ್ಲ ನಾನೇ ಸಮಾಧಾನ ಹೇಳಿದೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮಾಡುತ್ತಿದ್ದಾಗ, ಎದೆ ಢವಢವ ಹೊಡೆದುಕೊಳ್ಳತೊಡಗಿತು. ಕೈಯಲ್ಲಿದ್ದ ಚಾಕ್‌ಪೀಸು ಬಿತ್ತು. ಅಂದಿನಿಂದ ಕ್ಲಾಸಿನ ಬಾಗಿಲು ಕಂಡರೇ ಬೆವರು. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ‘ಹಾರ್ಟ್ ಛಲೋ ಅದ ರೀ ಸರ್. ಮನಸ್ಸಿಂದು ನೋಡೋರಿಗೆ ತೋರಸ್ರಿ’ ಎಂದರು. ನಾನು ಅದರ ಬದಲು ನೌಕರಿಯನ್ನೇ ಬಿಡುವುದೆಂದು ನಿಶ್ಚಯಿಸಿದೆ. ಪಾಠ ಮಾಡುವುದೊಂದನ್ನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲವೆಂದು ಹೆಂಡತಿ ವನಮಾಲೆಗೆ ಗೊತ್ತು. ‘ಮನ್ಯಾಗ ಕೂತು ನನಗ ಗುರುತ್ವಾಕರ್ಷಣ ಕಲಸ್ತೀರೇನು? ಮೊದಲ ತೋರಿಸ್ಕೊಂಡ ಬರ್ರಿ’ ಎಂದಳು.

ನಮ್ಮಲ್ಲಿ ಮನೋರೋಗದ ದೊಡ್ಡ ಆಸ್ಪತ್ರೆ ಇದೆಯಾದ್ದರಿಂದ, ಯಾರಾದರೂ ತಲೆಹರಟೆ ಮಾಡಿದರೆ ಸುತ್ತಲಿನ ಊರಿನವರು ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ನಗುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದವರನ್ನು ಎಲ್ಲಿಗೆ ಕಳಿಸಬೇಕೆಂದು ಮಾತ್ರ ಯಾರೂ ಹೇಳಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಹುಬ್ಬಳ್ಳಿ-ಧಾರವಾಡದ ತುಂಬ ಮನಸ್ಸು ರಿಪೇರಿ ಮಾಡುವವರೇ. ಒಬ್ಬರು ಬಣ್ಣದ ಕಲ್ಲು ಕೊಡುತ್ತಾರೆ, ಒಬ್ಬರು ಒಂದೇ ಭಾನುವಾರದಲ್ಲಿ ಭಯ ಓಡಿಸುತ್ತಾರೆ, ಇನ್ನೊಬ್ಬರ ಫೋಟೋದಲ್ಲಿ ಕೋಟು ಇದೆ, ಪದವಿ ಎಲ್ಲೂ ಇಲ್ಲ. ಕೊನೆಗೆ ವನಮಾಲೆ ವರ ಹುಡುಕುವವಳ ಹಾಗೆ ಫೋನು ಹಿಡಿದಳು. ಸಂಜೆಯೊಳಗೆ ಸಂಬಂಧ ಕುದುರಿತು. ‘ಹೆಬ್ಬಳ್ಳಿ ಕಾಕಾನ ಬೀಗರ ಸೊಸಿ, ಇದನ್ನಽ ಓದ್ಯಾಳಂತ. ನಮ್ಮಾಕೀನ!’

ಹೋದೆ. ಆಕೆ ‘ಅಜ್ಜಿ ಮೊಣಕಾಲು ಈಗ ಹ್ಯಾಂಗದ ರೀ ಕಾಕಾ?’ ಎಂದು ನನ್ನ ತಾಯಿಯ ಬಗ್ಗೆ ವಿಚಾರಿಸಿದಳು. ನಾನು ಅವಳ ಮಾವನ ಸಕ್ಕರೆ ಕಾಯಿಲೆ ವಿಚಾರಿಸಿದೆ. ‘ನಿಮಗೇನ್ ತ್ರಾಸ ರೀ?’ ಎಂದಾಗ ‘ಏನಿಲ್ಲವ್ವಾ, ಸ್ವಲ್ಪ ಆ್ಯಸಿಡಿಟಿ’ ಎಂದುಬಿಟ್ಟೆ. ನಾಳೆ ಯಾರದೋ ಮುಂಜಿಯಲ್ಲಿ ಎದುರು ಪಂಕ್ತಿಗೆ ಕೂರುವವಳ ಮುಂದೆ, ಬಚ್ಚಲಿನಲ್ಲಿ ನಳ ಬಿಟ್ಟುಕೊಂಡು ಅಳುತ್ತೇನೆಂದು ಹೇಗೆ ಹೇಳುವುದು? ಆಕೆ ಜಾಣೆ. ಬಾಗಿಲವರೆಗೆ ಬಂದು, ‘ಕಾಕಾ, ನಿಮಗ ಗುರ್ತಿಲ್ಲದವರಽ ಬೇಕ್ರಿ’ ಎಂದಳು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಅದು ಖರೇಯೋ ಸುಳ್ಳೋ ಎಂದು ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದು ಎಂದು ತಿಳಿಸಿ, ಹುಬ್ಬಳ್ಳಿ ದಾರಿಯ ರಾಯಾಪುರದ ಆಚೆ ಇರುವ ಒಬ್ಬರ ವಿಳಾಸವನ್ನೂ ಕೊಟ್ಟಳು. ಮುಂದಿನ ಮುಂಜಿಯಲ್ಲಿ ಆಕೆಗೊಂದು ಒಳ್ಳೆಯ ಇಳಕಲ್ ಸೀರೆ ಉಡಿಸಬೇಕೆಂದು ವನಮಾಲೆಗೆ ಹೇಳಿಟ್ಟಿದ್ದೇನೆ.

ಅವರ ಹೆಸರು ಶಾಹೀನ್, ಬೀದರ ಕಡೆಯವರು. ನೋಂದಣಿ ತಾಳೆಯಾಯಿತು. ವನಮಾಲೆ ಎಷ್ಟು ಫೋನು ಮಾಡಿದರೂ ಒಂದೆಳೆ ಸಂಬಂಧವೂ ಸಿಗಲಿಲ್ಲ. ಅಪಾಯಿಂಟ್‌ಮೆಂಟ್ ಕೇಳುವಾಗ ತಮ್ಮ ತೀರಿಕೊಂಡದ್ದನ್ನಷ್ಟೇ ಹೇಳಿದ್ದೆ. ಹೋಗಿ ಕೂತವನೇ ಚಟ ಬಿಡದೆ ಕೇಳಿದೆ: ‘ಮೇಡಂ, ತಾವು ಯಾರ ಪೈಕಿ?’

ಅವರು ನಕ್ಕರು. ‘ಈ ಊರಾಗ ನಾ ಯಾರ ಪೈಕಿನೂ ಅಲ್ರಿ ಸರ್. ಇಲ್ಲಿ ಆಡಿದ ಮಾತು ಯಾರ ಮನಿಗೂ ಹೋಗಂಗಿಲ್ಲ. ನಿಮ್ಮ ತಮ್ಮನ ಹೆಸರೇನ್ರಿ?’

ಆ ಹೆಸರನ್ನು ಮನೆಯವರೆಲ್ಲ ನನ್ನೆದುರು ನುಂಗಿಕೊಳ್ಳುತ್ತಿದ್ದರು. ‘ಶ್ರೀಧರ’ ಎಂದೆ. ಹೇಳುತ್ತಲೇ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ‘ಅಳ್ರಿ, ಅವಸರಿಲ್ಲ’ ಎಂದು ಸುಮ್ಮನೆ ಕೂತರು. ಸಮಾಧಾನ ಹೇಳುವವರು ನಮ್ಮ ಬಳಗದಲ್ಲಿ ಬೇಕಾದಷ್ಟಿದ್ದಾರೆ, ನಾನೂ ಅವರಲ್ಲೊಬ್ಬ. ಹಾಗೆ ಸುಮ್ಮನೆ ಕೂರಲು ಕಲಿತವರನ್ನು ಅಂದೇ ಕಂಡದ್ದು. ಅದಕ್ಕೆ ನಾನು ಅವರಿಗೆ ಋಣಿ.

ಹಲವು ಸಲ ಹೋಗಿ ಬಂದೆ. ಈಗ ಮತ್ತೆ ಪಾಠ ಮಾಡುತ್ತಿದ್ದೇನೆ. ಅಪರೂಪಕ್ಕೊಮ್ಮೆ ಎದೆ ಹೊಡೆದುಕೊಂಡಾಗ ಅವರು ಕಲಿಸಿದಂತೆ ಟೇಬಲ್ಲು ಹಿಡಿದು ನಿಧಾನ ಉಸಿರು ಬಿಡುತ್ತೇನೆ. ಸರ್ ಏನೋ ಗಹನವಾದದ್ದನ್ನು ಯೋಚಿಸುತ್ತಿದ್ದಾರೆಂದು ಹುಡುಗರು ಪೆನ್ನು ಹಿಡಿದು ಕಾಯುತ್ತಾರೆ.

ಮೊನ್ನೆ ಪಕ್ಕದ ಮನೆಯ ಹತ್ತಿ ವ್ಯಾಪಾರಿ ಬಸಪ್ಪನವರು ಕಾಂಪೌಂಡಿನ ಹತ್ತಿರ ಬಂದು ದನಿ ತಗ್ಗಿಸಿದರು. ಹೆರಿಗೆಯಾದಾಗಿನಿಂದ ಮಗಳು ಯಾರೊಂದಿಗೂ ಮಾತನಾಡುತ್ತಿಲ್ಲವಂತೆ. ‘ಯಾರರೆ ಛಲೋರು ಗೊತ್ತದಾರೇನ್ರಿ ಸರ್?’

ನಾನು ನನ್ನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಶಾಹೀನ್ ಮೇಡಂ ಹೆಸರು, ನೋಂದಣಿ, ವಿಳಾಸ ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು, ಆದರೂ ಹೆಜ್ಜೆ ಕೀಳಲಿಲ್ಲ.

‘ಅದೆಲ್ಲಾ ಖರೇರಿ. ಆದ್ರ ಅವರು ಯಾರ ಪೈಕಿ?’

‘ನಮ್ಮ ಪೈಕೀನ ರೀ’ ಎಂದೆ.

ಬಸಪ್ಪನವರು ಮಗಳನ್ನು ಮೇಡಂ ಹತ್ತಿರ ಹೊರಡಿಸಲು ಒಳಗೆ ಹೋದರು.