ಕೂತು ಬಂದ ರೊಟ್ಟಿ

ಆಳಂದದ ಆ ಖಾನಾವಳಿಯ ಹೆಸರು ನಾನು ಹೇಳುವುದಿಲ್ಲ. ಉಂಡವರಿಗೆ ಗೊತ್ತು. ಅಲ್ಲಿ ಗಂಡಸರು ಹೊರಗೆ ಪಡಸಾಲೆಯಲ್ಲಿ ಕೂಡುತ್ತಿದ್ದರು. ಹೆಂಗಸರು ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂಡಬೇಕು. ಮಾಲೀಕನ ತಾಯಿ ಜೋಳದ ರೊಟ್ಟಿ ಬಡಿದು, ಹಂಚಿನಿಂದ ತೆಗೆದು ಸೀದಾ ತಾಟಿಗೆ ಹಾಕುತ್ತಿದ್ದಳು. ನಾವು ತಾಟಿಗೆ ಕೈ ಅಡ್ಡ ಹಿಡಿಯುವ ತನಕ ಹಾಕುತ್ತಲೇ ಇರುತ್ತಿದ್ದಳು. ಮಗಳು ಸಣ್ಣವಳಿದ್ದಾಗ ಸಂತೆಗೆ ಹೋದರೆ ಅಲ್ಲಿ ಉಣ್ಣದೆ ಬರಲು ಒಪ್ಪುತ್ತಿರಲಿಲ್ಲ.

ಅವಳನ್ನು ಜೇವರ್ಗಿಗೆ ಕೊಟ್ಟೆವು. ಚೊಚ್ಚಲ ಬಸಿರು ನಿಂತಿತು. ಉಂಡದ್ದೆಲ್ಲ ಕಕ್ಕುತ್ತಿದ್ದಳು, ನೀರು ಸಹ ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಕೂಸು ಉಳಿಯುವುದಿಲ್ಲ, ಏನು ಬೇಡಿದರೂ ಕೊಡಿ ಎಂದಳು ದವಾಖಾನೆಯ ನರ್ಸು. ಇವಳು ಬೇಡಿದ್ದು ಆಳಂದದ ರೊಟ್ಟಿ. ಅತ್ತೆ ಬಡಿದದ್ದು ಬೇಡ, ನಾನು ಬಡಿದದ್ದೂ ಬೇಡ.

ಅಷ್ಟರಲ್ಲಿ ಅದೇ ಖಾನಾವಳಿಯವರು ಜೇವರ್ಗಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಇನ್ನೊಂದು ತೆರೆದರು. ಅಳಿಯ ಕರೆದುಕೊಂಡು ಹೋಗಲಿ ಎಂದರೆ ಬೀಗತಿ ಒಲ್ಲೆ ಎಂದಳು. ಸೊಸೆ ಹೊಟೇಲಿನಲ್ಲಿ ಕೂತು ಉಂಡರೆ ಇವರ ಮನೆಯಲ್ಲಿ ಕೂಳಿಲ್ಲ ಎಂದು ಮಂದಿ ಅನ್ನುತ್ತಾರಂತೆ. ಹಡೆದವ್ವ ಕರೆದುಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲವಂತೆ. ಅಷ್ಟಕ್ಕೆ ನಾನು ನಮ್ಮೂರು ಮಾದನಹಿಪ್ಪರಗಾ ಬಿಟ್ಟು ಹೊರಡಬೇಕಾಯಿತು. ಆಳಂದದಲ್ಲಿ ಬಸ್ಸು ಬದಲಿಸುವಾಗ ರೊಟ್ಟಿ ಕಟ್ಟಿಸಿಕೊಳ್ಳಬಹುದಿತ್ತು. ಆದರೆ ರೊಟ್ಟಿ ಎಂದರೆ ಹಂಚಿನಿಂದ ಇಳಿದದ್ದು ಎಂದು ನನ್ನ ತಿಳುವಳಿಕೆ. ಜೇವರ್ಗಿಯ ಹೊಸ ಖಾನಾವಳಿಯ ಒಲೆಯ ಮುಂದೆಯೇ ಮಗಳನ್ನು ಕೂಡಿಸಿ ಉಣಿಸೋಣ ಎಂದುಕೊಂಡೆ.

ಜೇವರ್ಗಿಯ ಬಸ್ಸಿನಲ್ಲಿ ಒಂದು ಸೀಟಿನ ತುಂಬ ದೊಡ್ಡ ಬುಟ್ಟಿ ಕೂತಿತ್ತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ನಾನು ನಿಂತಿದ್ದೆ.

"ಏ ಕಂಡಕ್ಟರಾ, ಈ ಬುಟ್ಟಿ ಕೆಳಗಿಡೋ."

"ಹೊಟೇಲಿನ ಮಾಲ್ ಐತ್ರಿ ಆಯಿ. ಕೆಳಗಿಟ್ರ ಮುರೀತದ."

"ನನ್ನ ಮೊಣಕಾಲ ಮುರಿಯಂಗಿಲ್ಲೇನು?"

"ನಿಮಗಿದ್ದಂಗ ಅದಕ್ಕೂ ಟಿಕೇಟ್ ಐತ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಲಬುರ್ಗಿಯಲ್ಲಿ ಇಳಿದವರಿಗಿಂತ ಹತ್ತಿದವರೇ ಹೆಚ್ಚು. ಜೇವರ್ಗಿಯ ತನಕ ಬುಟ್ಟಿ ಕೂತು ಬಂತು, ನಾನು ನಿಂತು ಬಂದೆ.

ಮಗಳ ಗಲ್ಲ ಒಳಗೆ ಹೋಗಿದ್ದವು. ಕೈ ಹಿಡಿದುಕೊಂಡೇ ಖಾನಾವಳಿಗೆ ಕರೆತಂದೆ. ಬೋರ್ಡು ಆಳಂದದ್ದಕ್ಕಿಂತ ದೊಡ್ಡದಿತ್ತು. ಒಳಗೆ ಟೇಬಲ್ಲು, ಕುರ್ಚಿ, ತಲೆಯ ಮೇಲೆ ಫ್ಯಾನು. ನಾನು ರೂಢಿಯಂತೆ ಮಗಳನ್ನು ಎಳೆದುಕೊಂಡು ಸೀದಾ ಅಡುಗೆಮನೆಗೆ ನಡೆದೆ. ರೊಕ್ಕದ ಗಲ್ಲಾದ ಮೇಲೆ ಕೂತವನು ಓಡಿಬಂದ.

"ಏ ಆಯಿ, ಒಳಗೆಲ್ಲಿ ನಡದ್ರಿ? ಹೊರಗ ಟೇಬಲ್ ಅದಾವಲ್ರಿ!"

"ಟೇಬಲ್ ತಗೊಂಡು ಏನ್ ಮಾಡ್ಲಿ? ಒಲಿ ಎಲ್ಲೈತಿ?"

ಒಲೆ ಇರಲಿಲ್ಲ. ಬರ್ ಎನ್ನುವ ಸ್ಟೋವಿನ ಮೇಲೆ ಅನ್ನ ಕುದಿಯುತ್ತಿತ್ತು. ಮೂಲೆಯಲ್ಲಿ ಅದೇ ಬುಟ್ಟಿ, ಅದೇ ಬಿಳಿ ಬಟ್ಟೆ.

"ಇದು ನನ್ನ ಜೋಡಿ ಬಸ್ಸಿನಾಗ ಬಂದದ್ದಲ್ಲ?"

"ಹೌದ್ರಿ, ಖಾಸ್ ಆಳಂದದ ರೊಟ್ಟಿ. ದಿನಾ ಬರ್ತಾವ. ಅದೇ ಹಂಚು, ಅದೇ ಕೈ," ಎಂದ, ಹೆಮ್ಮೆಯಿಂದ.

"ಕೈ ಖರೇ ಅದೇ ಐತಿ, ಬಿಸಿ ಎಲ್ಲಿಟ್ಟೀದಿ? ನಸುಕಿನ್ಯಾಗ ಬಡದ ರೊಟ್ಟಿ ತಿನ್ಸಾಕ ಅಷ್ಟು ದೂರ ನಿಂತು ಬಂದೇನೇನೋ ನಾನು?"

"ಇಲ್ಲಿ ಬಡಿಯವ್ರು ಸಿಗಂಗಿಲ್ರಿ."

"ಜೇವರ್ಗ್ಯಾಗೇನು ಮಂದಿ ಮಣ್ಣು ತಿಂತಾರ? ಮನಿಮನ್ಯಾಗ ಬಡಿಯಾಕತ್ತಾರ!"

"ಆಳಂದದಾಗಿನ ನಮ್ಮ ಆಯಿ ಕೈಯಂಗ ಬರಂಗಿಲ್ರಿ. ಗಿರಾಕಿ ಬೈತಾರ."

"ಈಗ ನಾ ಬೈಯಾಕತ್ತಿದ್ದು ಕೇಳಸವಲ್ದೇನು?"

ಉಣ್ಣುವವರು ತುತ್ತು ಬಿಟ್ಟು ಬಾಗಿಲಿಗೆ ಬಂದು ನಿಂತರು. ನನಗೆ ಇನ್ನೂ ಬೈಯುವುದಿತ್ತು. ಅಷ್ಟರಲ್ಲಿ ಹಿಂದಿನಿಂದ ಕಟಂ ಕಟಂ ಎಂದು ಸಪ್ಪಳ ಬಂತು. ನಿಲ್ಲಲಾರದೆ ಮಗಳು ಬುಟ್ಟಿಗೆ ಆತು ನೆಲದ ಮೇಲೆ ಕೂತಿದ್ದಳು. ಬಟ್ಟೆ ಬಿಚ್ಚಿದ್ದಳು. ಒಣಗಿ ಸೆಟೆದ ರೊಟ್ಟಿ ಮುರಿದು, ಕೈಗೆ ಸಿಕ್ಕ ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ತಿನ್ನುತ್ತಿದ್ದಳು.

"ಆರಿದ್ದು ತಿನ್ನಬ್ಯಾಡ ಬೇ, ಬಿಸೀದು ಬಡಸ್ತೇನಿ," ಎಂದೆ.

"ಅವ್ವಾ, ಸುಮ್ಮಿರು ಬೇ. ಬಿಸಿ ರೊಟ್ಟಿ ವಾಸನಿಗೇ ಹೊಟ್ಟಿ ತೊಳಸ್ತದ. ಇದಕ್ಕ ವಾಸನಿನೇ ಇಲ್ಲ. ರುಚಿ ಮಾತ್ರ ಅಲ್ಲೀದೇ."

ಇದನ್ನು ಮೊದಲೇ ಹೇಳಿದ್ದರೆ ಆಳಂದದಲ್ಲೇ ಕಟ್ಟಿಸಿಕೊಂಡು ಬರುತ್ತಿದ್ದೆ. ಗಲ್ಲಾದವನು ಒಂದು ವಾಟಿ ಮೊಸರು ತಂದು ಅವಳ ಮುಂದಿಟ್ಟು, "ಆಯಿ, ಜಗಳ ಇನ್ನಾ ಉಳದೈತೇನ್ರಿ?" ಎಂದ. ಅವಳು ಈಗ ಕಕ್ಕುತ್ತಾಳೆ, ಇನ್ನೊಂದು ಗಳಿಗೆಗೆ ಕಕ್ಕುತ್ತಾಳೆ ಎಂದು ಬಾಯಿ ನೋಡುತ್ತ ಕೂತೆ. ಹೊರಗೆ ಬಸ್ಸು ಬಂದವು, ಹೋದವು. ಕಕ್ಕಲಿಲ್ಲ.

"ನಾಳಿ ಮತ್ತ ಬರೂಣು," ಎಂದಳು.

ಕಕ್ಕುವುದು ನಿಲ್ಲುವ ತನಕ ಬೀಗತಿಯ ಮನೆಯಲ್ಲೇ ಉಳಿದೆ. ದಿನವೂ ಮಧ್ಯಾಹ್ನ ಆ ಅಡುಗೆಮನೆಯಲ್ಲಿ ಕಾಯುವುದು, ಬಸ್ಸು ತಡವಾದರೆ ಗಲ್ಲಾದವನನ್ನು ಬೈಯುವುದು. ಕೂಸು ಉಳಿಯಿತು. ಊರಿಗೆ ಹೊರಟ ದಿನ ಬಸ್ಸಿನಲ್ಲಿ ಖಾಲಿ ಬುಟ್ಟಿ ಮತ್ತೆ ಸೀಟು ಹಿಡಿದು ಕೂತಿತ್ತು. ಎತ್ತಿ ಕೆಳಗಿಟ್ಟು ನಾನು ಕೂತೆ. ಕಂಡಕ್ಟರು ನೋಡಿ ನನ್ನ ಟಿಕೇಟು ಹರಿದು ಕೊಟ್ಟ.