ಪೆಟ್ರೋಲ್ ಫಿಲ್ಟರ್ ಮತ್ತು ನನ್ನ ಕಾಲ್ಗುಣ

ಹೊಳವನಹಳ್ಳಿ ಬಸ್ ಸ್ಟಾಪ್ ಎದುರಿಗೇ ನಮ್ಮ ಕಾರು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು.

ಮೇಲೆ ಚಾವಣಿ ಇಲ್ಲದ, ಇಬ್ಬರೇ ಕೂರುವ ಕೆಂಪು ಸ್ಪೋರ್ಟ್ಸ್ ಕಾರು. ಒಳಗೆ ಮದುವೆಯಾಗಿ ವರ್ಷವೂ ತುಂಬದ ನಾನು. ಮುಖ ಮುಚ್ಚಿಕೊಳ್ಳಲು ಸೆರಗು ಬಿಟ್ಟರೆ ಏನೂ ಇಲ್ಲ!

ಬಸ್ಸಿಗೆ ಕಾದಿದ್ದವರೆಲ್ಲ ಸುತ್ತ ನೆರೆದರು. "ಮೇಲ್ಗಡೆ ತಗಡು ಯಾವಾಗ್ ಹಾಕುಸ್ತೀರಾ ಸಾಮಿ?" ಅಂತ ಹಿರಿಯರೊಬ್ಬರು ನಿಜವಾದ ಕನಿಕರದಿಂದಲೇ ಕೇಳಿದರು.

ನಮ್ಮ ಯಜಮಾನರು ಬಾನೆಟ್ ಎತ್ತಿ ಪೆಟ್ರೋಲ್ ಫಿಲ್ಟರ್ ಬಿಚ್ಚಿದರು. ಒಳಗೇನಿದೆ ಅಂತ ಕಾಣದ ಪುಟ್ಟ ತಗಡಿನ ಡಬ್ಬಿ ಅದು. ಬಾಯಲ್ಲಿಟ್ಟು ಊದಿದಾಗ ಕೆಸರಿನಂಥದ್ದು ಉದುರಿತು.

"ಧೂಳು" ಅಂದರು. ಪ್ರತಿಸಲವೂ ಅದನ್ನೇ ಅನ್ನುತ್ತಿದ್ದರು.

ಇದು ಎಂಬತ್ತರ ದಶಕದ ಶುರುವಿನ ಮಾತು. ಯಜಮಾನರಿಗೆ ಮಧುಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಕೊರಟಗೆರೆಯ ಕಂಟ್ರ್ಯಾಕ್ಟರ್ ಒಬ್ಬರ ಶೆಡ್ಡಿನಲ್ಲಿ ಈ ಫಾರಿನ್ ಕಾರು ಸುಮ್ಮನೆ ಬಿದ್ದಿತ್ತು, ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅದನ್ನು ತಂದು ಒಂದೊಂದು ನಟ್ಟೂ ತಾವೇ ಉಜ್ಜಿ ಓಡುವ ಹಾಗೆ ಮಾಡಿದ್ದರು. ಮದುವೆಗೆ ಮುಂಚೆ ಅದು ಒಂದು ದಿನವೂ ಕೈ ಕೊಟ್ಟಿರಲಿಲ್ಲವಂತೆ.

ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿಂದ...

ಪಕ್ಕದ ಮನೆಯ ಚಿಕ್ಕತ್ತೆ ನಲ್ಲಿ ಹತ್ತಿರ ನನಗೆ ಕೇಳುವ ಹಾಗೇ ಹೇಳಿದರು. "ಈಯಮ್ಮ ಕಾಲಿಟ್ ಮ್ಯಾಕೆ ತಾನೆ ಕಾರ್ ಕೆಟ್ಟಿದ್ದು? ಕಾಲ್ಗುಣ ಅಂದ್ರೆ ಸುಮ್ಕೇನಾ?"

ಮೈಯೆಲ್ಲ ಉರಿದುಹೋಯಿತು. ನಾನೇನು ಕಾರಿನ ಪೈಪಿನೊಳಗೆ ಕಾಲಿಟ್ಟಿದ್ದೆನಾ? ಆದರೆ ಹೊಸ ಸೊಸೆ, ಬಾಯಿ ಬಿಡುವ ಹಾಗಿಲ್ಲ. ಬಿಂದಿಗೆ ಎತ್ತಿಕೊಂಡು ಒಳಗೆ ಬಂದು ಒಬ್ಬಳೇ ಕೂತು ಕಣ್ಣೀರು ಹಾಕಿದೆ.

ನನ್ನ ಅತ್ತೆಯವರದು ಮಾತು ಕಮ್ಮಿ. ತವರು ತಾವರೆಕೆರೆ ಕಡೆ, ದನ ಕುರಿ ಸಾಕಿದ ಮನೆ. ಕಾಲ್ಗುಣದ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ.

ಆದರೆ ನಾವಿಬ್ಬರೂ ಕಾರಲ್ಲಿ ಹೊರಡುವ ದಿನ ಬೆಳಿಗ್ಗೆ, ಅವರು ತಟ್ಟೆ ಹಿಡಿದು ಕಾರಿನ ಹಿಂದೆ ನಿಂತು ಏನೋ ಗೊಣಗುವುದನ್ನು ಕಿಟಕಿಯಿಂದ ಕಂಡಿದ್ದೆ. ನನ್ನ ದೋಷ ಕಳೆಯುತ್ತಿದ್ದಾರೆ ಅಂದುಕೊಂಡೆ. ಅದು ಚಿಕ್ಕತ್ತೆಯ ಮಾತಿಗಿಂತ ಹೆಚ್ಚು ನೋಯಿಸಿತು.

ಕೊನೆಗೊಂದು ದಿನ ಎಷ್ಟು ಊದಿದರೂ ಆ ಫಿಲ್ಟರಿನಲ್ಲಿ ಗಾಳಿ ದಾಟದಾಯಿತು. ಹೊಸದನ್ನು ಹೊರದೇಶದಿಂದಲೇ ತರಿಸಬೇಕು ಅಂದರು ಬೆಂಗಳೂರಿನ ಅಂಗಡಿಯವರು. ಅವರು ಹೇಳಿದ ರೇಟಿಗೆ ಕರು ಸಮೇತ ಒಂದು ಎಮ್ಮೆ ಬರುತ್ತಿತ್ತು.

"ಕಮ್ಮಿ ರೇಟಿಂದು ಎಲ್ಲಾರ ಸಿಗುತ್ತೇನೋ ನೋಡ್ತೀನಿ. ಸಿಗ್ಲಿಲ್ಲ ಅಂದ್ರೆ ಮಾರ್ಬುಡದೇಯ" ಅಂದರು ಯಜಮಾನರು.

ಮಾರುವುದಾ? 'ಸೊಸೆ ಬಂದಳು, ಕಾರು ಹೋಯಿತು' ಅನ್ನುವ ಮಾತು ಸಾಯುವ ತನಕ ನನ್ನ ಬೆನ್ನು ಬಿಡುತ್ತಿರಲಿಲ್ಲ. ನಾನೂ ಬರುತ್ತೇನೆ ಅಂತ ಅವರ ಜೊತೆ ಬಸ್ ಹತ್ತಿದೆ.

ಪಾವಗಡದ ಲಾರಿ ಗ್ಯಾರೇಜಿನವನು ನಮ್ಮ ಫಿಲ್ಟರನ್ನು ಅಂಗೈಲಿಟ್ಟುಕೊಂಡು ನಕ್ಕೇ ನಕ್ಕ. "ಇದಿ ಮಾ ದಗ್ಗರ ಲೇದು ಸಾಮಿ, ನಮ್ತಾವ ಇಲ್ಲ. ಲಾರೀದ್ ಕೊಡ್ತೀನಿ, ಅದ್ರೊಳ್ಗೆ ನಿಮ್ ಕಾರೇ ಇಟ್ಕೊಬೋದು!"

ಶಿರಾದಲ್ಲಿ ಹಳೇ ಜೀಪುಗಳ ಸಾಮಾನು ಮಾರುವ ಸಾಬರು ಮಾತ್ರ ನಗಲಿಲ್ಲ. ರಾಶಿಯೊಳಗೆ ಕೈ ಹಾಕಿ, ಗಾಜಿನ ಬಟ್ಟಲಿದ್ದ ಜೀಪಿನ ಫಿಲ್ಟರ್ ಒಂದನ್ನು ತೆಗೆದು, ಒರೆಸಿ, ನನ್ನ ಕೈಗೇ ಕೊಟ್ಟರು.

"ತಗಳ್ಳಮ್ಮ. ಪೈಪ್ ಜೋಡುಸ್ಕಂಡ್ರೆ ಆಯ್ತು. ಕಚಡಾ ಏನ್ ಬಂದ್ರೂ ಗಾಜಲ್ಲಿ ಸಾಫ್ ಕಾಣ್ತದೆ." ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದು.

ಯಜಮಾನರು ಅದನ್ನು ಜೋಡಿಸಿದರು. ಮಾರನೇ ಬೆಳಿಗ್ಗೆ ಇಬ್ಬರೂ ಹೊರಟೆವು. ಊರು ದಾಟುವಷ್ಟರಲ್ಲಿ ಮತ್ತೆ ಅದೇ ಕೆಮ್ಮು...

ಬಾನೆಟ್ ಎತ್ತಿ ಇಬ್ಬರೂ ಬಗ್ಗಿ ನೋಡುತ್ತೇವೆ. ಗಾಜಿನ ಬಟ್ಟಲಿನ ತಳದಲ್ಲಿ ಬೆಲ್ಲದ ಪುಡಿ. ಅದರ ಮೇಲೆ ಅರಿಶಿನ ಹಚ್ಚಿದ ಅಕ್ಕಿ ನುಚ್ಚು!

ಯಜಮಾನರು ನನ್ನ ಮುಖ ನೋಡುತ್ತಾರೆ. ನನಗೆ ಅತ್ತೆಯ ಕೈಲಿದ್ದ ಆ ತಟ್ಟೆ ನೆನಪಾಗುತ್ತದೆ.

ಕಾರು ತಳ್ಳಿಕೊಂಡು ಮನೆಗೆ ಬಂದು ಕೇಳಿದರೆ, ಅತ್ತೆ ಮುಚ್ಚಿಡಲೂ ಇಲ್ಲ. "ಊ ಕಣ್ಲಾ, ಪೆಟ್ರೋಲ್ ಉಯ್ಯೋ ಬಾಯ್ಗೆ ನಾನೇ ಇಕ್ತಿದ್ದೆ. ಅಕ್ಕಿ ಬೆಲ್ಲ ತಿನ್ನುಸ್ದೆ ಹೊಸ ಎತ್ನ ಯಾರಾರ ಗಾಡಿಗ್ ಕಟ್ತಾರಾ? ನೀನೊಬ್ನೇ ಓಡಾಡ್ವಾಗ ಸುಮ್ಕಿದ್ದೆ. ಈಗ ಇನ್ನೊಬ್ರ ಮನೆ ಮಗೀನ ಕೂರುಸ್ಕಂಡ್ ಓಯ್ತೀಯ. ಒಟ್ಟೆ ತುಂಬಿದ್ ದನ ದಾರಿ ತಪ್ಪಲ್ಲ ಕಣ್ಲಾ, ಮನೇಗೇ ಬತ್ತದೆ."

ನನಗೆ ಅಲ್ಲೇ ಅಳು ಬಂತು. ನಾನು ಏನೆಂದುಕೊಂಡಿದ್ದೆ, ಅವರು ಏನು ಮಾಡುತ್ತಿದ್ದರು... ನಾನು ಕ್ಷೇಮವಾಗಿ ಮನೆ ಸೇರಲಿ ಅಂತ ಕಾರಿಗೆ ತುತ್ತಿಡುತ್ತಿದ್ದರು.

ಯಜಮಾನರು ಬೈಯಲಿಲ್ಲ. "ಅವ್ವ, ದನಕ್ಕೆ ಯಾರಾದ್ರೂ ಹಿಂದ್ಗಡೆಯಿಂದ ತಿನ್ನುಸ್ತಾರಾ? ಇದ್ರ ಬಾಯಿ ಮುಂದ್ಗಡೆ ಐತೆ" ಅಂದರು.

ಅತ್ತೆ ಮುಂದೆ ಹೋಗಿ ಎರಡು ಹೆಡ್‌ಲೈಟನ್ನೂ ನಡುವಿನ ಜಾಲರಿಯನ್ನೂ ದಿಟ್ಟಿಸಿದರು. "ಅಯ್ ಶಿವನೇ, ಹೌದಲ್ಲಾ... ಕಣ್ಣೂ ಇಲ್ಲೇ ಅವೆ!"

ಟ್ಯಾಂಕ್ ಇಳಿಸಿ ತೊಳೆದ ಮೇಲೆ ಕಾರು ಮತ್ತೆ ದಾರಿಯಲ್ಲಿ ನಿಲ್ಲಲಿಲ್ಲ. ಅತ್ತೆಯ ಅಕ್ಕಿ ಬೆಲ್ಲ ಮುಂದಿನ ಬಂಪರ್ ಮೇಲೆ ಬಂತು, ಗುಬ್ಬಿ ಇರುವೆಗಳಿಗೆ ಹಬ್ಬವೋ ಹಬ್ಬ.

ಅಕ್ಕಿ ಬೆಲ್ಲದ ಗುಟ್ಟು ಬಯಲಾದ ದಿನವೇ ಸಂಜೆ ನನ್ನ ಜೊತೆ ನಲ್ಲಿ ಹತ್ತಿರ ಅತ್ತೆಯೂ ಬಂದರು. ಯಾವತ್ತೂ ಬರುವವರಲ್ಲ. ಚಿಕ್ಕತ್ತೆಯೂ ಅಲ್ಲೇ ಇದ್ದರು.

"ಕಾರ್ ಕೆಡ್ಸಿದ್ದು ನನ್ ಸೊಸೆ ಕಾಲ್ಗುಣ ಅಲ್ಲ ಕಣ್ರಮ್ಮ, ನನ್ ಕೈಗುಣ. ಇನ್ ಮ್ಯಾಕೆ ಏನಾರ ಅನ್ನಂಗಿದ್ರೆ ನನ್ನ ಅನ್ನಿ." ಅಷ್ಟು ಹೇಳಿ, ತುಂಬಿದ ನನ್ನ ಬಿಂದಿಗೆಯನ್ನು ತಾವೇ ಸೊಂಟಕ್ಕಿಟ್ಟುಕೊಂಡು ನಡೆದರು.

ಅತ್ತೆಯೂ ಇಲ್ಲ, ಆ ಕಾರೂ ಇಲ್ಲ. ಆದರೆ ಈಗ ನನ್ನ ಸೊಸೆ ಸ್ಕೂಟರ್ ಸ್ಟಾರ್ಟ್ ಮಾಡಿದರೆ ನನ್ನ ಕೈ ತಾನಾಗಿಯೇ ಅಕ್ಕಿ ಡಬ್ಬದ ಕಡೆ ಹೋಗುತ್ತದೆ...

ನಿಮ್ಮ ಮನೆಯಲ್ಲಿ, ನಿಮ್ಮ ಗಾಡಿಗೆ ತುತ್ತಿಟ್ಟು ಕಳಿಸುವವರು ಯಾರು?